ಟೈಮ್‌ಔಟ್ ಎಷ್ಟು ಇಡಬೇಕು? ಮಳೆ ಬಂದರೆ ನಮ್ಮ ರೆಸ್ಪಾನ್ಸ್ ಟೈಮ್ ಟೆಸ್ಟ್‌ಗಳೆಲ್ಲ ಫೇಲ್ ಆಗುತ್ತಿವೆ

ಆಲ್ದೂರು_ಟೆಸ್ಟರ್ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಆಲ್ದೂರಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಾಫಿ ಬೆಳೆಗಾರರಿಗೆ ಅಂತ ಮಾಡಿರುವ ಒಂದು ಚಿಕ್ಕ ವೆಬ್ ಸರ್ವಿಸ್ ಇದೆ. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, 50 ಕೆ.ಜಿ. ಮೂಟೆಗೆ ಇವತ್ತು ಎಷ್ಟು ಅಂತ ಕೇಳಿದರೆ ದರ ಹೇಳುತ್ತದೆ. ಮಾರುವ ಲಾಟನ್ನೂ ಅದರಲ್ಲೇ ನೋಂದಾಯಿಸಬಹುದು. ಅದಕ್ಕೆ ಆಟೋಮೇಷನ್ ಟೆಸ್ಟ್ ಬರೆಯುವುದು ನನ್ನ ಕೆಲಸ. ಪೈಥಾನ್ ಭಾಷೆ, ಟೆಸ್ಟ್ ಓಡಿಸಲು ಪೈಟೆಸ್ಟ್, ಸರ್ವರಿಗೆ ಕಾಲ್ ಕಳಿಸಲು ರಿಕ್ವೆಸ್ಟ್ಸ್ ಲೈಬ್ರರಿ.

ಹೋದ ವಾರ ರಾತ್ರಿ 2 ಗಂಟೆಗೆ ಶುರುವಾದ ರನ್, ಬೆಳಿಗ್ಗೆ 8ಕ್ಕೆ ಎದ್ದು ನೋಡಿದರೂ ಒಂದೇ ಟೆಸ್ಟಿನಲ್ಲಿ ನಿಂತಿತ್ತು. ಎರರ್ ಇಲ್ಲ, ಫೇಲ್ ಇಲ್ಲ, ಸುಮ್ನೆ ಕಾಯುತ್ತಾ ಕೂತಿದೆ. ಸಿಟ್ಟು ಬಂದು ಎಲ್ಲ ಕಾಲ್‌ಗೂ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) 2 ಸೆಕೆಂಡ್ ಹಾಕಿದೆ. ಜೊತೆಗೆ ರೆಸ್ಪಾನ್ಸ್‌ನ ಎಲಾಪ್ಸ್ಡ್ (ಲೈಬ್ರರಿ ತೋರಿಸುವ, ಉತ್ತರಕ್ಕೆ ಹಿಡಿದ ಸಮಯ) 2 ಸೆಕೆಂಡಿಗಿಂತ ಕಡಿಮೆ ಇರಬೇಕು ಅಂತ ಒಂದು ಚೆಕ್ ಕೂಡ ಸೇರಿಸಿದೆ.

ಈಗ ಇನ್ನೊಂದು ತಲೆನೋವು. ಮಳೆ ಜೋರಾದರೆ ನನ್ನ ಮನೆಯಿಂದ 40 ಟೆಸ್ಟಿನಲ್ಲಿ 10-12 ಫೇಲ್. ಅದೇ ಹೊತ್ತಿಗೆ ಹಾಸನದಲ್ಲಿರುವ ಸಹೋದ್ಯೋಗಿ ಓಡಿಸಿದರೆ ಎಲ್ಲ ಪಾಸ್. ಇನ್ನೂ ವಿಚಿತ್ರ ಏನೆಂದರೆ, ಇಡೀ ವರ್ಷದ ದರಪಟ್ಟಿ ಕೊಡುವ ಕಾಲ್ ಮುಗಿಯಲು ಕಣ್ಣೆದುರೇ 9 ಸೆಕೆಂಡ್ ತೆಗೆದುಕೊಂಡಿತು, ಆದರೆ ಎಲಾಪ್ಸ್ಡ್ 0.4 ತೋರಿಸಿ ಟೆಸ್ಟ್ ಪಾಸ್ ಆಯಿತು. 2 ಸೆಕೆಂಡ್ ಟೈಮ್‌ಔಟ್ ಇದ್ದರೂ ಅದು 9 ಸೆಕೆಂಡ್ ಹೇಗೆ ಓಡಿತು? ಡೆವಲಪರ್‌ಗಳು ನಿಮ್ಮ ಟೆಸ್ಟ್ ನಂಬುವ ಹಾಗಿಲ್ಲ ಅನ್ನುತ್ತಿದ್ದಾರೆ. ಬೇಜಾರಾಗಿದೆ. ಸರಿಯಾದ ದಾರಿ ಯಾವುದು?

ಹಾಸನ_ಬ್ಯಾಕೆಂಡ್

ನೀವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ, ತೊಂದರೆ ಅಲ್ಲೇ ಇದೆ. ಟೈಮ್‌ಔಟ್ ಇರುವುದು ಟೆಸ್ಟ್ ನೇತಾಡದೆ ಮುಗಿಯಲಿ ಅಂತ. ರೆಸ್ಪಾನ್ಸ್ ಟೈಮ್ ಚೆಕ್ ಇರುವುದು ಸರ್ವಿಸ್ ಬೇಗ ಉತ್ತರ ಕೊಡುತ್ತಾ ಅಂತ ನೋಡಲು. ಎರಡಕ್ಕೂ ಒಂದೇ ಸಂಖ್ಯೆ ಇಟ್ಟರೆ ಸಮಯದ ಚೆಕ್‌ಗೆ ಮಾತಾಡುವ ಅವಕಾಶವೇ ಸಿಗುವುದಿಲ್ಲ, ಅದಕ್ಕಿಂತ ಮುಂಚೆ ಟೈಮ್‌ಔಟ್ ಎರರ್ ಬಂದುಬಿಡುತ್ತದೆ. 2.3 ಸೆಕೆಂಡಿಗೆ ಬರುತ್ತಿದ್ದ ಉತ್ತರವೂ, ಯಾವತ್ತೂ ಬಾರದ ಉತ್ತರವೂ ರಿಪೋರ್ಟಿನಲ್ಲಿ ಒಂದೇ ಥರ ಕಾಣುತ್ತವೆ.

ರಿಕ್ವೆಸ್ಟ್ಸ್ ಲೈಬ್ರರಿಗೆ ನೀವು ಹೇಳದಿದ್ದರೆ ಟೈಮ್‌ಔಟ್ ಅನ್ನುವುದೇ ಇಲ್ಲ. ಮಧ್ಯದಲ್ಲಿ ಲೈನ್ ಸದ್ದಿಲ್ಲದೆ ಸತ್ತರೆ ಆ ಕಡೆಯಿಂದ ಯಾರೂ ತಿಳಿಸುವುದಿಲ್ಲ, ನಿಮ್ಮ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಬೆಳಿಗ್ಗೆವರೆಗೆ ನಿಂತದ್ದು ಬಹುಶಃ ಅದಕ್ಕೇ. ಅದೇ ಪೈಥಾನಿನ ಎಚ್‌ಟಿಟಿಪಿಎಕ್ಸ್ ಲೈಬ್ರರಿಯಲ್ಲಿ ಏನೂ ಹೇಳದಿದ್ದರೂ 5 ಸೆಕೆಂಡ್ ಇರುತ್ತದೆ.

ಟೈಮ್‌ಔಟನ್ನು ಜೋಡಿಯಾಗಿ ಕೊಡಿ: ಕನೆಕ್ಟ್‌ಗೆ 3.05, ರೀಡ್‌ಗೆ 30. ಮಂಡಿಗೆ ಫೋನ್ ಮಾಡಿದ ಹಾಗೆ ಅಂದುಕೊಳ್ಳಿ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ, ಅದು ಕನೆಕ್ಟ್. ಎತ್ತಿದರು, 'ಇರಿ, ನೋಡಿ ಹೇಳ್ತೀನಿ' ಅಂದು ಸುಮ್ಮನಾದರು, ಅದು ರೀಡ್. ಆ 3.05 ಅನ್ನುವುದು ಲೈಬ್ರರಿಯವರೇ ಕೊಡುವ ಸಲಹೆ, ಟಿಸಿಪಿ ಪ್ಯಾಕೆಟನ್ನು (ನೆಟ್‌ವರ್ಕಿನಲ್ಲಿ ಹೋಗುವ ಡೇಟಾ ತುಣುಕು) ಮತ್ತೆ ಕಳಿಸುವ ಹಳೆಯ 3 ಸೆಕೆಂಡಿನ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಇರಲಿ ಅಂತ.

ಈಗ ನಿಮ್ಮ 9 ಸೆಕೆಂಡಿನ ವಿಷಯ. ರೀಡ್ ಟೈಮ್‌ಔಟ್ ಒಟ್ಟು ಸಮಯಕ್ಕಲ್ಲ, ಎರಡು ತುಣುಕು ಡೇಟಾ ನಡುವಿನ ಮೌನಕ್ಕೆ. ಸರ್ವರ್ ಒಂದೂವರೆ ಸೆಕೆಂಡಿಗೊಮ್ಮೆ ಚೂರು ಚೂರು ಕಳಿಸುತ್ತಿದ್ದರೆ 2 ಸೆಕೆಂಡಿನ ಟೈಮ್‌ಔಟ್ ಪ್ರತಿ ಸಲ ಹೊಸದಾಗಿ ಶುರುವಾಗುತ್ತದೆ. ಇನ್ನು ಎಲಾಪ್ಸ್ಡ್ ಅಳೆಯುವುದು ಹೆಡರ್ (ಉತ್ತರದ ಮೊದಲು ಬರುವ ವಿವರ) ಬರುವವರೆಗೆ ಮಾತ್ರ, ದರಪಟ್ಟಿ ಪೂರ್ತಿ ಇಳಿಯುವವರೆಗೆ ಅಲ್ಲ. ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ಕಳಿಸುವುದು) ಇದ್ದರೆ ಕೊನೆಯ ಹಾರಿಕೆಯ ಸಮಯ ಮಾತ್ರ ಸಿಗುತ್ತದೆ. ಪೂರ್ತಿ ಸಮಯ ಬೇಕಾದರೆ ಕಾಲ್‌ನ ಹಿಂದೆ ಮುಂದೆ ಪೈಥಾನಿನ ಪರ್ಫ್ ಕೌಂಟರ್ (ಅವಧಿ ಅಳೆಯುವ ಟೈಮರ್) ಇಟ್ಟು ನೀವೇ ಅಳೆಯಿರಿ. ಸಾಮಾನ್ಯ ಗಡಿಯಾರದ ಸಮಯ ಬೇಡ, ಸಿಸ್ಟಂ ಗಡಿಯಾರ ತಿದ್ದಿಕೊಂಡಾಗ ಲೆಕ್ಕ ತಪ್ಪುತ್ತದೆ. ಒಟ್ಟು ಮಿತಿಗೆ ಪೈಟೆಸ್ಟ್-ಟೈಮ್‌ಔಟ್ ಪ್ಲಗಿನ್ ಹಾಕಿ, ಒಂದು ಟೆಸ್ಟಿಗೆ 60 ಸೆಕೆಂಡ್ ಅಂದರೆ ಅಷ್ಟೇ.

ಮೂಡಿಗೆರೆ_ಕ್ಯೂಎ

ಮೇಲಿನವರು ಹೇಳಿದ್ದು ಸರಿ. ಆದರೆ ಮಳೆಯ ಪ್ರಶ್ನೆ ಬಾಕಿ ಇದೆ, ಅಲ್ವಾ? ಜುಲೈ ತಿಂಗಳಲ್ಲಿ ನಮ್ಮ ಕಡೆಯ ಲೈನ್ ಹೇಗಿರುತ್ತದೆ ಅಂತ ನನಗೂ ಗೊತ್ತು. ಮೊದಲು ಕರ್ಲ್ (ಕಮಾಂಡ್ ಕೊಟ್ಟು ವೆಬ್ ಕಾಲ್ ಮಾಡುವ ಟೂಲ್) ತೆಗೆದುಕೊಂಡು ಸಮಯವನ್ನು ಬಿಡಿಸಿ ನೋಡಿ. ಅದರ ರೈಟ್-ಔಟ್ ಆಯ್ಕೆಯಲ್ಲಿ ಸರ್ವರ್ ಹೆಸರಿನ ವಿಳಾಸ ಹುಡುಕಲು ಎಷ್ಟು, ಕನೆಕ್ಟ್ ಆಗಲು ಎಷ್ಟು, ಟಿಎಲ್‌ಎಸ್ (ಸುರಕ್ಷಿತ ಕನೆಕ್ಷನ್ ಒಪ್ಪಂದ) ಮುಗಿಯಲು ಎಷ್ಟು, ಮೊದಲ ಬೈಟ್ ಬರಲು ಎಷ್ಟು, ಒಟ್ಟು ಎಷ್ಟು, ಎಲ್ಲ ಸಿಗುತ್ತದೆ. ಎಲ್ಲವೂ ಶುರುವಿನಿಂದ ಎಣಿಸಿದ ಸಮಯ, ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಟಿಎಲ್‌ಎಸ್ ಮುಗಿದದ್ದಕ್ಕೂ ಮೊದಲ ಬೈಟಿಗೂ ಇರುವ ಅಂತರದಲ್ಲೇ ಸರ್ವರಿನ ಕೆಲಸ ಅಡಗಿದೆ. ಉಳಿದದ್ದು ಹೆಚ್ಚಿನ ಪಾಲು ದಾರಿಯದ್ದು.

ಸಮಯದ ಮೇಲೆ ಫೇಲ್ ಮಾಡುವ ಟೆಸ್ಟ್‌ಗಳನ್ನು ಮನೆಯಿಂದ ಓಡಿಸಬೇಡಿ. ಸರ್ವರ್ ಇರುವ ನೆಟ್‌ವರ್ಕಿನ ಹತ್ತಿರವೇ ಒಂದು ಮಷಿನ್ ಇಟ್ಟು ಅಲ್ಲಿಂದ ಓಡಿಸಿ. ಹಾಗಂತ ಮನೆಯ ಅಳತೆಯನ್ನು ಬಿಸಾಕಲೂ ಬೇಡಿ. ಕೊಟ್ಟಿಗೆಹಾರದ ತೋಟದಲ್ಲಿ ನಿಂತು ಮೊಬೈಲಿನಲ್ಲಿ ದರ ನೋಡುವವರಿಗೆ ಸಿಗುವುದು ಅದೇ ಸಮಯ ತಾನೇ? ಅದನ್ನು ಬರೆದಿಟ್ಟುಕೊಳ್ಳಿ, ವಾರಕ್ಕೊಮ್ಮೆ ತಂಡಕ್ಕೆ ತೋರಿಸಿ, ಆದರೆ ಅದರಿಂದ ಬಿಲ್ಡ್ (ಹೊಸ ಕೋಡ್ ಸಿದ್ಧಪಡಿಸುವ ಕೆಲಸ) ನಿಲ್ಲಿಸಬೇಡಿ.

ಒಂದೇ ಒಂದು ಕಾಲ್ ನೋಡಿ ತೀರ್ಪು ಕೊಡುವುದೂ ತಪ್ಪು. ಮೊದಲ ಕಾಲ್ ಯಾವಾಗಲೂ ನಿಧಾನ, ಕನೆಕ್ಷನ್ ಹೊಸದು, ಕ್ಯಾಶ್ (ಮೊದಲೇ ತೆಗೆದಿಟ್ಟ ಡೇಟಾ) ಖಾಲಿ. ಒಂದೆರಡು ಕಾಲ್ ಬಿಟ್ಟು, ಆಮೇಲೆ 20 ಸಲ ಕೇಳಿ, ಸಮಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 19ನೆಯದನ್ನು ನೋಡಿ. ಹೆಚ್ಚುಕಡಿಮೆ ಅದೇ 95ನೇ ಪರ್ಸೆಂಟೈಲ್, ಅಂದರೆ 100ರಲ್ಲಿ 95 ಕಾಲ್ ಅಷ್ಟರೊಳಗೆ ಮುಗಿಯುತ್ತವೆ. ಸರಾಸರಿ ನಂಬಬೇಡಿ, ಎರಡು ಕೆಟ್ಟ ಕಾಲ್ 18 ಒಳ್ಳೆಯದರ ನಡುವೆ ಕರಗಿ ಹೋಗುತ್ತವೆ.

ಆಲ್ದೂರು_ಟೆಸ್ಟರ್ (ಚಿಕ್ಕಮಗಳೂರು)

ಕರ್ಲ್ ಹಾಕಿ ನೋಡಿದೆ. ಒಟ್ಟು 1.9 ಸೆಕೆಂಡಿನಲ್ಲಿ ಹೆಸರು ಹುಡುಕಿ ಟಿಎಲ್‌ಎಸ್ ಮುಗಿಯುವಷ್ಟರಲ್ಲೇ 1.4 ಹೋಗಿದೆ! ಸರ್ವರಿನ ಪಾಲು ಹೆಚ್ಚೆಂದರೆ 0.3. ನಾನು ಪ್ರತಿ ಟೆಸ್ಟಿಗೂ ಹೊಸ ಕನೆಕ್ಷನ್ ತೆರೆಯುತ್ತಿದ್ದೆ. ಸೆಷನ್ (ತೆರೆದ ಕನೆಕ್ಷನನ್ನೇ ಮತ್ತೆ ಬಳಸುವುದು) ಒಂದನ್ನೇ ಇಟ್ಟುಕೊಂಡ ಮೇಲೆ ಮಳೆಯಲ್ಲೂ ಫೇಲ್ ಆಗುವುದು 2ಕ್ಕೆ ಇಳಿದಿದೆ.

ಆದರೆ ಒಂದು ಹೊಸ ಸಮಸ್ಯೆ. ಟೈಮ್‌ಔಟ್ ಆದರೆ ಮತ್ತೆ ಪ್ರಯತ್ನಿಸು ಅಂತ ಒಂದು ಲೂಪ್ ಬರೆದಿದ್ದೆ. ಲಾಟ್ ನೋಂದಾಯಿಸುವ ಪೋಸ್ಟ್ (ಸರ್ವರಿಗೆ ಡೇಟಾ ಕಳಿಸುವ) ಕಾಲ್‌ನಲ್ಲಿ ಒಂದೇ ಲಾಟ್ ಎರಡು ಸಲ ಬಂದು ಕೂತಿದೆ.

ಹಾಸನ_ಬ್ಯಾಕೆಂಡ್

ಆ ಲೂಪ್ ಇವತ್ತೇ ತೆಗೆಯಿರಿ. ಟೈಮ್‌ಔಟ್ ಅಂದರೆ ಕೆಲಸ ಆಗಲಿಲ್ಲ ಅಂತ ಅಲ್ಲ, ಆಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ ಅಂತ. ಸರ್ವರ್ ಲಾಟ್ ಬರೆದು ಉತ್ತರ ಕಳಿಸುವಾಗ ಲೈನ್ ಹೋಗಿರಬಹುದು. ಇದಕ್ಕೇ ರಿಕ್ವೆಸ್ಟ್ಸ್ ಒಳಗೆ ಬಳಸುವ ಯುಆರ್‌ಎಲ್‌ಲಿಬ್3ರ ರಿಟ್ರೈ (ಮತ್ತೆ ಪ್ರಯತ್ನಿಸುವ ಸೌಲಭ್ಯ), ನಾವಾಗಿ ಹೇಳದಿದ್ದರೆ, ಉತ್ತರ ಓದುವಾಗ ಕೈಕೊಟ್ಟ ಪೋಸ್ಟನ್ನು ಮತ್ತೆ ಕಳಿಸುವುದಿಲ್ಲ. ಆದರೆ ಇದನ್ನು ಟೆಸ್ಟಿನ ತಪ್ಪು ಅಂತ ಮಾತ್ರ ನೋಡಬೇಡಿ. ನಾಳೆ ಯಾರೋ ಬೆಳೆಗಾರರು ಸಿಗ್ನಲ್ ಹೋಯಿತು ಅಂತ ಬಟನ್ ಎರಡು ಸಲ ಒತ್ತಿದರೂ ಇದೇ ಆಗುತ್ತದೆ, ಅವರ 30 ಮೂಟೆ ಲೆಕ್ಕದಲ್ಲಿ 60 ಆಗುತ್ತದೆ. ಪ್ರತಿ ನೋಂದಣಿಗೂ ಒಂದು ಐಡೆಂಪೊಟೆನ್ಸಿ ಕೀ (ಆ ನೋಂದಣಿಗೆ ಮಾತ್ರ ಇರುವ ಗುರುತು) ಕಳಿಸಿ, ಅದೇ ಕೀ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುವಂತೆ ಮಾಡಲು ಡೆವಲಪರ್‌ಗಳಿಗೆ ಹೇಳಿ. ನೀವು ಹಿಡಿದಿರುವುದು ನಿಜವಾದ ಬಗ್.

ಇನ್ನೊಂದು. ನಿಮ್ಮ ಸರ್ವಿಸ್ ಮುಂದೆ ಎಂಜಿನ್‌ಎಕ್ಸ್ (ಕಾಲ್ ಪಡೆದು ಒಳಗಿನ ಸರ್ವರಿಗೆ ದಾಟಿಸುವ ಪ್ರಾಕ್ಸಿ ಸರ್ವರ್) ಇದ್ದರೆ ಅದರ ಪ್ರಾಕ್ಸಿ ರೀಡ್ ಟೈಮ್‌ಔಟ್ ಮಾಮೂಲಿಯಾಗಿ 60 ಸೆಕೆಂಡ್. ಉದ್ದದ ರಿಪೋರ್ಟ್ ಕಾಲ್‌ಗೆ ನಿಮ್ಮದನ್ನೂ 60 ಇಟ್ಟರೆ ಒಮ್ಮೆ 504 (ಒಳಗಿನ ಸರ್ವರ್ ಸಮಯಕ್ಕೆ ಉತ್ತರಿಸಲಿಲ್ಲ ಅನ್ನುವ ಎರರ್) ಬರುತ್ತದೆ, ಒಮ್ಮೆ ನಿಮ್ಮ ಕಡೆಯ ಎರರ್ ಬರುತ್ತದೆ. 65 ಇಡಿ, ಆಗ 504 ಕೈಗೆ ಸಿಗುತ್ತದೆ. ಆ ಟೆಸ್ಟಿಗೆ ಪ್ಲಗಿನ್ ಮಿತಿಯನ್ನೂ 60ರಿಂದ 90ಕ್ಕೆ ಏರಿಸಲು ಮರೆಯಬೇಡಿ.

ಬೇಲೂರು_ಸೋಪ್

ನಾವು ಇನ್ನೂ ಸೋಪ್‌ಯುಐ ಅನ್ನುವ ಟೆಸ್ಟ್ ಟೂಲ್ ಬಳಸುತ್ತೇವೆ, ಅಲ್ಲೂ ಇದೇ ಕಥೆ. ರೆಸ್ಪಾನ್ಸ್ ಎಸ್‌ಎಲ್‌ಎ ಅಸರ್ಷನ್ (ಸಮಯದ ಚೆಕ್) 2000, ಸಾಕೆಟ್ ಟೈಮ್‌ಔಟ್ (ಕಾಯುವ ಮಿತಿ) 30000, ಎರಡೂ ಮಿಲಿಸೆಕೆಂಡಿನಲ್ಲಿ. ಮತ್ತೆ ಟೈಮ್‌ಔಟ್ ಬಂದಾಗ ನಿಮ್ಮ ಕೋಡ್ ಏನು ಮಾಡುತ್ತದೆ ಅಂತ ಪರೀಕ್ಷಿಸಲು ಮಳೆ ಬರಲಿ ಅಂತ ಕಾಯಬೇಕಿಲ್ಲ. ವೈರ್‌ಮಾಕ್ (ನಕಲಿ ಸರ್ವರ್ ಮಾಡುವ ಟೂಲ್) ಹಾಕಿ ಉತ್ತರಕ್ಕೆ 35 ಸೆಕೆಂಡ್ ತಡ ಕೊಡಿ, ಬಿಸಿಲಿನ ದಿನವೂ ಅದೇ ಫಲಿತಾಂಶ ಬರುತ್ತದೆ.

ಆಲ್ದೂರು_ಟೆಸ್ಟರ್ (ಚಿಕ್ಕಮಗಳೂರು)

ತುಂಬಾ ಥ್ಯಾಂಕ್ಸ್. ಎರಡು ಲಾಟ್ ವಿಷಯವನ್ನು ಬಗ್ ಅಂತಲೇ ದಾಖಲಿಸಿದೆ, ಕೀ ಸೇರಿಸಲು ಒಪ್ಪಿದ್ದಾರೆ. ಕನೆಕ್ಟ್ 3.05, ರೀಡ್ 30 ಹಾಕಿ ಇವತ್ತು ರಾತ್ರಿ 2 ಗಂಟೆಯ ರನ್ ಇಟ್ಟಿದ್ದೇನೆ. ಹೊರಗೆ ಮಳೆ ಶುರುವಾಗಿದೆ. ಬೆಳಿಗ್ಗೆ ರಿಪೋರ್ಟ್ ಇಲ್ಲೇ ಹಾಕುತ್ತೇನೆ.