ಅಪ್‌ಡೇಟ್: ಶಾಪಿಂಗ್ ಸೈಟಿನ ಪಾಪ್‌ಅಪ್ ಕಾಟ ಕಡಿಮೆಯಾಯಿತು

ಶಾಪಿಂಗ್ ಸೈಟ್ ತೆರೆದರೆ ಸಾಕು, 'ಚಕ್ರ ತಿರುಗಿಸಿ, ಕೂಪನ್ ಗೆಲ್ಲಿ' ಅಂತ ಪರದೆ ತುಂಬಾ ಬರುತ್ತದೆ, ತಡೆಯುವುದು ಹೇಗೆ ಅಂತ ಕೇಳಿದ್ದೆ ಅಲ್ವಾ? ಕ್ರೋಮ್‌ನ ಪಾಪ್‌ಅಪ್ ತಡೆ ಆನ್ ಇದ್ದರೂ ಉಪಯೋಗ ಆಗಲಿಲ್ಲ. ಅದು ತಡೆಯುವುದು ಬೇರೆ ವಿಂಡೋ ಆಗಿ ತೆರೆದುಕೊಳ್ಳುವುದನ್ನು, ಇವು ಪುಟದ ಒಳಗೇ ಬಂದು ಕೂರುತ್ತವೆ. ನೀವು ಹೇಳಿದ ಹಾಗೆ ಫೋನಿಗೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಅನ್ನುವ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಸೇರಿಸಿದೆ. ಸುಮ್ನೆ ಸೇರಿಸಿದರೆ ಸಾಲದು, ಅದರ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಲಿಸ್ಟ್ಸ್‌ಗೆ ಹೋಗಿ 'ಅನಾಯನ್ಸಸ್' (ಕಿರಿಕಿರಿ ಮಾಡುವಂಥವು) ಪಟ್ಟಿಗಳಿಗೆ ಟಿಕ್ ಹಾಕಬೇಕು. ಚಕ್ರ ಮಾಯ! 'ಆ್ಯಪ್ ಹಾಕಿಕೊಳ್ಳಿ' ಅನ್ನುವುದು ಮಾತ್ರ ಒಂದು ಸೈಟಿನಲ್ಲಿ ಇನ್ನೂ ಇಣುಕುತ್ತದೆ, ಇರಲಿ.

ಚಿಂತಾಮಣಿಯಲ್ಲಿ ಅಪ್ಪನ ಫೋನಿಗೂ ಹಾಕಿಕೊಟ್ಟೆ. ಟೊಮೆಟೊ ತೋಟದ ಸ್ಪ್ರೇಯರ್‌ಗೆ ನಾಝಲ್ ಹುಡುಕುವಾಗ, ಸಾಸಿವೆ ಕಾಳಿನಷ್ಟಿರುವ ಆ ಕ್ಲೋಸ್ ಗುರುತು ಒತ್ತಲು ಹೋಗಿ ಇನ್ನೆಲ್ಲೋ ಹೋಗುತ್ತಿದ್ದರು, ಪಾಪ. ಥ್ಯಾಂಕ್ಸ್ ಎಲ್ಲರಿಗೂ.