ವಿಶ್ವವಿದ್ಯಾಲಯದೊಡನೆ ಸೇರಿ ಕಾರ್ಮಿಕರ ಕೋರ್ಸ್: ಯಾವ ಷರತ್ತುಗಳನ್ನು ಮುಂದಿಡಬೇಕು?

ಪ್ರಶ್ನೆ: ಸಂಘಟಕಿ, ಮೈಸೂರು ರಸ್ತೆ, ಬೆಂಗಳೂರು

ನಾನು ಗಾರ್ಮೆಂಟ್ ಕಾರ್ಮಿಕರ ಸಂಘವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಸದಸ್ಯೆಯರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಗೆ ಮುನ್ನವೇ ಶಾಲೆ ಬಿಟ್ಟವರು. ಆದರೆ 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮ ಬದಲಾದಾಗ ಬೆಂಗಳೂರಿನಲ್ಲಿ ಬೀದಿಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಡುವಂತೆ ಮಾಡಿದವರು ಇಂಥ ಹೆಂಗಸರೇ. ಆ ಹಣ ಎಲ್ಲಿ ಹೂಡಿಕೆಯಾಗುತ್ತದೆ, ನಿಯಮ ಮಾಡುವವರು ಯಾರು, ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಮ್ಮ ಸಂಘದ ಸ್ಥಾನವೇನು ಎಂದು ಅವರು ಕೇಳುತ್ತಲೇ ಇರುತ್ತಾರೆ. ಈಗ ವಿಶ್ವವಿದ್ಯಾಲಯವೊಂದರ ಕೆಲವು ಅಧ್ಯಾಪಕರು ನಮ್ಮೊಡನೆ ಸೇರಿ ಸರ್ಟಿಫಿಕೇಟ್ ಕೋರ್ಸ್ ನಡೆಸಲು ಮುಂದೆ ಬಂದಿದ್ದಾರೆ. ಒಪ್ಪಂದಕ್ಕೆ ಮೊದಲು ನಾವು ಯಾವುದನ್ನು ಗಟ್ಟಿಯಾಗಿ ಕೇಳಬೇಕು? ಬೇರೆ ಕಡೆಯ ಅನುಭವ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ

ಇಂಗ್ಲೆಂಡಿನ ಟ್ಯುಟೋರಿಯಲ್ ತರಗತಿಗಳನ್ನು ಮೊದಲು ನೋಡಿ. ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ 1903ರಲ್ಲಿ ಕಟ್ಟಿದ ಕಾರ್ಮಿಕರ ಶಿಕ್ಷಣ ಸಂಘವು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದೊಡನೆ ಕೂಡಿ, 1908ರ ಜನವರಿಯಲ್ಲಿ ರಾಚ್‌ಡೇಲ್ ಮತ್ತು ಲಾಂಗ್‌ಟನ್ ಪಟ್ಟಣಗಳಲ್ಲಿ ಆರ್ಥಿಕ ಇತಿಹಾಸದ ತರಗತಿಗಳನ್ನು ತೆರೆಯಿತು. ಪಾಠ ಹೇಳಿದವರು ಆರ್. ಎಚ್. ಟಾನಿ. ಒಂದು ಗಂಟೆ ಉಪನ್ಯಾಸ, ಅಷ್ಟೇ ಹೊತ್ತು ಚರ್ಚೆ, ವರ್ಷಕ್ಕೆ 24 ಭೇಟಿಗಳು, ಹದಿನೈದು ದಿನಕ್ಕೊಂದು ಪ್ರಬಂಧ, ಹೀಗೆ ಮೂರು ವರ್ಷ ಬಿಡದೆ ಬರುವುದಾಗಿ ಪ್ರತಿಯೊಬ್ಬರೂ ಒಪ್ಪಿಕೊಂಡೇ ಸೇರುತ್ತಿದ್ದರು. ಮುಂಬಡ್ತಿಯಾಗಲಿ ಪದವಿಯಾಗಲಿ ಸಿಗುವುದಿಲ್ಲವೆಂದು ತಿಳಿದೂ, ದಿನವಿಡೀ ಮಗ್ಗದ ಮುಂದೆ, ಕುಂಬಾರಿಕೆ ಕಾರ್ಖಾನೆಯಲ್ಲಿ ದುಡಿದವರು ಆ ಪ್ರಬಂಧಗಳನ್ನು ಬರೆದರು ಎಂಬುದು ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ.

ನೀವು ಕೇಳಬೇಕಾದದ್ದು ಇಲ್ಲಿದೆ. ಈ ಯೋಜನೆಯ ವರದಿಯನ್ನು ಬರೆದ ಸಮಿತಿಯಲ್ಲಿ ವಿಶ್ವವಿದ್ಯಾಲಯದ 7 ಮಂದಿ, ಕಾರ್ಮಿಕರ ಕಡೆಯ 7 ಮಂದಿ ಇದ್ದರು, ಮತ್ತು ವಿಷಯವನ್ನು ಆರಿಸುವಾಗ ತರಗತಿಯ ಮಾತಿಗೆ ಬೆಲೆಯಿತ್ತು. ಪಠ್ಯ ಸಮಿತಿಯಲ್ಲಿ ಸಮಪಾಲು ಸಿಗದಿದ್ದರೆ ಕೋರ್ಸ್ ಒಪ್ಪಿಕೊಳ್ಳಬೇಡಿ.

ಉತ್ತರ: ಸಾರ್ವಜನಿಕ ಉದ್ಯಮದ ನಿವೃತ್ತ ಕಾರ್ಮಿಕ, ಬೆಂಗಳೂರು

ಮೇಷ್ಟ್ರು ಹೇಳಿದ್ದರಲ್ಲಿ ಒಂದು ಭಾಗವನ್ನು ಮಾತ್ರ ನಾನು ಒಪ್ಪುತ್ತೇನೆ. ಸಮಿತಿಯಲ್ಲಿ ಸಮಪಾಲು ಸಿಕ್ಕ ಮಾತ್ರಕ್ಕೆ ಪಾಠ ಕಾರ್ಮಿಕರದಾಗುವುದಿಲ್ಲ. ಅದೇ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಕಾರ್ಮಿಕರಿಗಾಗಿಯೇ 1899ರಲ್ಲಿ ಆರಂಭವಾದ ರಸ್ಕಿನ್ ಕಾಲೇಜಿನ ವಿದ್ಯಾರ್ಥಿಗಳು, ಪ್ರಾಂಶುಪಾಲ ಡೆನಿಸ್ ಹರ್ಡ್ ಅವರನ್ನು ತೆಗೆದುಹಾಕಲು ಹೊರಟಾಗ 1909ರಲ್ಲಿ ಪಾಠಗಳನ್ನು ಬಹಿಷ್ಕರಿಸಿದರು. ವಿಶ್ವವಿದ್ಯಾಲಯದ ನೆರಳಿನಲ್ಲಿ ಕಲಿತವನು ತನ್ನ ವರ್ಗವನ್ನು ಬಿಟ್ಟು ಮೇಲೇರುತ್ತಾನೆ ಎಂಬ ಆತಂಕ ಅವರದು. ಹೊರಬಂದವರು ಕಟ್ಟಿದ ಸೆಂಟ್ರಲ್ ಲೇಬರ್ ಕಾಲೇಜನ್ನು ದಕ್ಷಿಣ ವೇಲ್ಸ್‌ನ ಗಣಿ ಕಾರ್ಮಿಕರ ಮತ್ತು ರೈಲ್ವೆ ಕಾರ್ಮಿಕರ ಸಂಘಗಳು ಸಾಕಿದವು. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ರೂಪಿಸಿದ ಅನೂರಿನ್ ಬೆವನ್ ಕಲಿತದ್ದು ಅಲ್ಲಿ. ಆದರೆ ಸಂಘಗಳ ಹಣ ಬತ್ತಿದಾಗ, 1929ರಲ್ಲಿ ಅದು ಮುಚ್ಚಿತು. ಆದ್ದರಿಂದ ವಿಶ್ವವಿದ್ಯಾಲಯವನ್ನು ದೂರವಿಡಿ ಎಂದು ನಾನು ಹೇಳಲಾರೆ. ಪಾಠದ ಅರ್ಧ ಭಾಗವನ್ನು ಸಂಘದವರೇ ಹೇಳುವಂತೆ ಮಾಡಿ.

ನಮ್ಮಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ (ಈಗ ಅದಕ್ಕೆ ದತ್ತೋಪಂತ ಠೇಂಗಡಿಯವರ ಹೆಸರಿದೆ) 1958ರಲ್ಲಿ ನಾಗ್ಪುರದಲ್ಲಿ ಆರಂಭವಾಯಿತು. ಕಾರ್ಖಾನೆಯ ಕೆಲಸಗಾರರಿಗೇ ತರಬೇತಿ ಕೊಟ್ಟು, ಅವರು ಹಿಂತಿರುಗಿ ತಮ್ಮ ಜೊತೆಗಾರರಿಗೆ ಕಲಿಸುವ ಪದ್ಧತಿಯನ್ನು ಅದು ತಂದಿತು. ಹಾಗೆ ತರಬೇತಿ ಪಡೆದವರಲ್ಲಿ ನಾನೂ ಒಬ್ಬ. ಪದ್ಧತಿ ಒಳ್ಳೆಯದು, ಆದರೆ ಮಂಡಳಿ ಸರ್ಕಾರದ್ದು; ಸರ್ಕಾರವನ್ನೇ ಪ್ರಶ್ನಿಸಬೇಕಾದ ವಿಷಯಗಳಿಗೆ ನಿಮಗೆ ಬೇರೆ ಜಾಗ ಬೇಕು.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಮುಂಬೈ

ಮೇಡಂ, ನಿಮ್ಮ ಸದಸ್ಯೆಯರಿಗೆ ಹತ್ತಿರವಾದದ್ದು ಅಮೆರಿಕದ ಬ್ರಿನ್ ಮಾರ್ ಕಾಲೇಜಿನ ಬೇಸಿಗೆ ಶಾಲೆ. 1921ರಿಂದ 1938ರವರೆಗೆ ಬಟ್ಟೆ ಗಿರಣಿ, ಹೊಲಿಗೆ ಕಾರ್ಖಾನೆಗಳ ಹುಡುಗಿಯರು ಅಲ್ಲಿ ಎಂಟು ವಾರ ತಂಗಿ ಅರ್ಥಶಾಸ್ತ್ರ ಮತ್ತು ಬರವಣಿಗೆ ಕಲಿತರು. ಮೊದಲ ಬೇಸಿಗೆಯಲ್ಲೇ ಅವರು ಕಾಲೇಜಿನ ಕೆಲಸದವರಿಗೂ ಎಂಟು ಗಂಟೆಯ ದುಡಿಮೆ ಬೇಕೆಂದು ಒತ್ತಾಯಿಸಿದರು. 1926ರಿಂದ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡದ್ದೂ ವಿದ್ಯಾರ್ಥಿನಿಯರ ಒತ್ತಾಯದಿಂದಲೇ. ಆದರೆ ಶಾಲೆಯ ಅಧ್ಯಾಪಕರು ಹತ್ತಿರದ ತೋಟವೊಂದರ ಮುಷ್ಕರದ ಸ್ಥಳಕ್ಕೆ ಹೋದ ಮೇಲೆ ಕಾಲೇಜಿನ ಧರ್ಮದರ್ಶಿಗಳು ಮುನಿದರು, 1935ರಲ್ಲಿ ಶಾಲೆ ಆ ಆವರಣದಲ್ಲಿ ನಡೆಯಲಿಲ್ಲ. ಕೋರ್ಸಿನವರು ಮುಷ್ಕರದ ಸ್ಥಳಕ್ಕೆ ಹೋಗುವ ಸ್ವಾತಂತ್ರ್ಯವನ್ನು ಲಿಖಿತವಾಗಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಶೆಫೀಲ್ಡ್ ವಿಶ್ವವಿದ್ಯಾಲಯ 1952ರಿಂದ ಡರ್ಬಿಶೈರ್ ಗಣಿ ಕಾರ್ಮಿಕರಿಗೆ ಕಲಿಸಿದಾಗ, ಅವರಿಗೆ ಕೂಲಿ ತಪ್ಪದಂತೆ ವಾರಕ್ಕೊಂದು ದಿನ ಗಣಿಯಿಂದ ಬಿಡುವು ಸಿಗುತ್ತಿತ್ತು. ಟಾರ್ಗೆಟ್ ಮುಗಿಸಿ, ಮನೆಗೆ ಹೋಗಿ ಅಡುಗೆ ಮಾಡಬೇಕಾದವಳಿಗೆ ಸಂಜೆ ತರಗತಿ ಇಟ್ಟರೆ, ಬರುವವರು ಮನೆಗೆಲಸದ ಹೊರೆಯಿಲ್ಲದವರು ಮಾತ್ರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಸಂಜೆ ತರಗತಿಯ ಪ್ರಸ್ತಾವವನ್ನು ಕೈಬಿಡುವಂತೆ ಸಮಿತಿಯಲ್ಲಿ ಹೇಳುತ್ತೇನೆ. ಸಮಪಾಲು, ಸಂಘದವರಿಂದ ಪಾಠ, ಮುಷ್ಕರದ ಸ್ಥಳಕ್ಕೆ ಹೋಗುವ ಸ್ವಾತಂತ್ರ್ಯ ಮೂರನ್ನೂ ಕರಡಿನಲ್ಲಿ ಸೇರಿಸುತ್ತೇನೆ. ಸಂಬಳ ಸಹಿತ ಬಿಡುವನ್ನು ಕೊಡಬೇಕಾದವರು ಮಾಲೀಕರಾದ್ದರಿಂದ, ಅದು ವಿಶ್ವವಿದ್ಯಾಲಯದ ಒಪ್ಪಂದದಲ್ಲಿ ಅಲ್ಲ, ನಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬರಬೇಕು. ಶಿಕ್ಷಣಕ್ಕಾಗಿ ಬಿಡುವು ಕೊಡುವ ಕಲಮು ಇರುವ ವೇತನ ಒಪ್ಪಂದ ಯಾರ ಬಳಿಯಾದರೂ ಇದ್ದರೆ, ಅದರ ಒಕ್ಕಣೆಯನ್ನು ಇಲ್ಲಿ ಹಾಕುವಿರಾ?