ವರದಿಯಲ್ಲಿ ಬಿಒಡಿ ಮಿತಿಯೊಳಗಿದೆ, ಕಾಲುವೆಯಲ್ಲಿ ನೊರೆ ಇದೆ: ಯಾವುದನ್ನು ನಂಬಬೇಕು?

ಪ್ರಶ್ನೆ (ನೀರಗಂಟಿ):
ಕೊಳಚೆ ನೀರು ಸಂಸ್ಕರಣಾ ಘಟಕವೊಂದರ ಕೆಳಹರಿವಿನಲ್ಲಿ ವಾಸಿಸುವವರ ಸಮಿತಿಯಲ್ಲಿ ನಾನಿದ್ದೇನೆ. ಘಟಕದ ತಿಂಗಳ ವರದಿಯ ಪ್ರತಿ ನಮಗೂ ಬರುತ್ತದೆ. ಹೊರಬಿಡುವ ನೀರಿನ ಬಿಒಡಿಗೆ (ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳು ಬಳಸುವ ಆಮ್ಲಜನಕದ ಅಳತೆಗೆ) ಇರುವ ಮಿತಿ ಲೀಟರಿಗೆ 20 ಮಿಲಿಗ್ರಾಂ; ಕಳೆದ ಹನ್ನೆರಡು ತಿಂಗಳ ವರದಿಗಳಲ್ಲಿ ಅದು 8ಕ್ಕಿಂತ ಕೆಳಗಿಳಿದಿಲ್ಲ, 9ನ್ನು ದಾಟಿಲ್ಲ. ಆದರೆ ಬೆಳಕು ಹರಿಯುವ ಮೊದಲೇ ಹೊರಹರಿವಿನ ಬಾಯಿಯ ಬಳಿ ಹೋಗಿ ನಿಂತರೆ ಕಂದು ನೊರೆಯೂ ಅದರ ಕೆಳಗೆ ಹತ್ತಿಯ ಎಸಳಿನಂತೆ ತೇಲಿಹೋಗುವ ಕೆಸರಿನ ಚೂರುಗಳೂ ಕಾಣುತ್ತವೆ. ಮಾದರಿ ತೆಗೆಯುವುದು ಮಾತ್ರ ಪ್ರತಿ ಸಲವೂ ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ. ನಾವು ಏನನ್ನು ಕೇಳಿ ಪಡೆಯಬೇಕು? ದಿನಕ್ಕಿಷ್ಟು ಎಂದು ಭಾರಿ ದಂಡ ಹಾಕಿಸಬೇಕೆಂದು ನಮ್ಮಲ್ಲಿ ಕೆಲವರು ಹೇಳಿದರೆ, ಆ ದಂಡ ಕೊನೆಗೆ ನಮ್ಮ ತೆರಿಗೆಯಿಂದಲೇ ಹೋಗುತ್ತದೆಂದು ಇನ್ನು ಕೆಲವರು ತಡೆಯುತ್ತಿದ್ದಾರೆ.

ಉತ್ತರ (ಪ್ರಯೋಗಾಲಯದವಳು):
ಮೊದಲು ಆ ಹನ್ನೊಂದು ಗಂಟೆಯ ವಿಚಾರ. ಕೊಳಚೆ ನೀರು ಘಟಕದ ತೊಟ್ಟಿಗಳನ್ನೆಲ್ಲ ದಾಟಿ ಹೊರಬರಲು ಹಲವು ಗಂಟೆ ಹಿಡಿಯುತ್ತದೆ. ಹಾಗಾಗಿ ಹನ್ನೊಂದಕ್ಕೆ ಹೊರಬೀಳುವುದು ಬಹುಪಾಲು ನಡುರಾತ್ರಿಯ ನಂತರ, ಮನೆಗಳ ನಲ್ಲಿಗಳು ಮುಚ್ಚಿದ್ದ ಹೊತ್ತಿನಲ್ಲಿ ಒಳಬಂದ ತೆಳು ನೀರು. ಒಂದೇ ಹೊತ್ತಿನಲ್ಲಿ ತುಂಬಿದ ಒಂದು ಬಾಟಲಿಯಿಂದ ಇಡೀ ದಿನದ ಗುಣಮಟ್ಟವನ್ನು ಹೇಳಲಾಗದು. ಹರಿವಿನ ಪ್ರಮಾಣಕ್ಕೆ ತಕ್ಕಂತೆ 24 ಗಂಟೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಸಂಗ್ರಹಿಸಿ ಬೆರೆಸಿದ ಮಾದರಿಯನ್ನೇ ನೀವು ಕೇಳಬೇಕು. ಜೊತೆಗೆ ಮುನ್ಸೂಚನೆಯಿಲ್ಲದೆ ಆಗೊಮ್ಮೆ ಈಗೊಮ್ಮೆ ತೆಗೆದ ಬಿಡಿ ಮಾದರಿಗಳೂ ಇರಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಿಮ್ಮ 8 ಮತ್ತು 9. ಬಿಒಡಿ ಜೀವಂತ ಸೂಕ್ಷ್ಮಾಣುಗಳನ್ನು ನೆಚ್ಚಿಕೊಂಡ ಪರೀಕ್ಷೆ: ಬಾಟಲಿಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ ಐದು ದಿನ ಇಟ್ಟು, ಅವು ಎಷ್ಟು ಆಮ್ಲಜನಕವನ್ನು ಬಳಸಿದವೆಂದು ಅಳೆಯುತ್ತೇವೆ. ಇಂಥ ಪರೀಕ್ಷೆಯ ಫಲಿತಾಂಶ ವರ್ಷವಿಡೀ ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ಮಳೆಗಾಲದಲ್ಲೊಂದು, ಚಳಿಯಲ್ಲೊಂದು ಬಂದೇ ಬರುತ್ತದೆ. ಕ್ಲೋರಿನ್ ಬೆರೆಸಿದ ಮೇಲಿನ ನೀರನ್ನು ತೆಗೆದುಕೊಂಡು, ಉಳಿದ ಕ್ಲೋರಿನ್ನನ್ನು ತೆಗೆಯದೆ, ಹೊಸದಾಗಿ ಸೂಕ್ಷ್ಮಾಣುಗಳನ್ನು ಸೇರಿಸದೆ ಪರೀಕ್ಷೆಗಿಟ್ಟರೆ ಬಾಟಲಿಯೊಳಗೆ ಕೊಳೆಯನ್ನು ತಿನ್ನುವ ಜೀವಿಗಳೇ ಇರುವುದಿಲ್ಲ. ಆಗ ಕೊಳೆ ಇದ್ದರೂ ಅಂಕಿ ಚೆನ್ನಾಗಿ ಬರುತ್ತದೆ, ಬರೆದವರು ಬೇಕೆಂದು ಸುಳ್ಳು ಬರೆದಿರಬೇಕೆಂದೇನೂ ಇಲ್ಲ.

ಆದ್ದರಿಂದ ವರದಿಯನ್ನು ಬದಿಗಿಟ್ಟು ಪ್ರಯೋಗಾಲಯದ ಕೈಬರಹದ ಪುಸ್ತಕವನ್ನೇ ನೋಡಲು ಕೇಳಿ. ಮೊದಲ ದಿನದ ಮತ್ತು ಐದನೆಯ ದಿನದ ಆಮ್ಲಜನಕದ ಓದುಗಳು ಅದರಲ್ಲಿ ಬೇರೆಬೇರೆಯಾಗಿ ಇರಬೇಕು. ಎರಡರ ನಡುವೆ ಲೀಟರಿಗೆ ಕನಿಷ್ಠ 2 ಮಿ.ಗ್ರಾಂ ಇಳಿಕೆಯಾಗಿ, ಕೊನೆಯಲ್ಲಿ ಕನಿಷ್ಠ 1 ಮಿ.ಗ್ರಾಂ ಉಳಿದಿದ್ದರೆ ಮಾತ್ರ ಆ ಬಾಟಲಿ ಲೆಕ್ಕಕ್ಕೆ ಬರುತ್ತದೆ. ಮಾದರಿಯನ್ನು ಯಾರು, ಎಲ್ಲಿ, ಎಷ್ಟು ಗಂಟೆಗೆ ತುಂಬಿದರು, ಮಂಜುಗಡ್ಡೆಯಲ್ಲಿಟ್ಟು ತಂದರೋ ಇಲ್ಲವೋ, 48 ಗಂಟೆಯೊಳಗೆ ಪರೀಕ್ಷೆ ಆರಂಭವಾಯಿತೋ ಎಂಬುದಕ್ಕೆ ಸಹಿ ಸಮೇತ ದಾಖಲೆ ಇಲ್ಲದಿದ್ದರೆ, ದಂಡ ಹಾಕುವವರ ಕೈಯಲ್ಲಿ ಆ ಅಂಕಿ ವಿಚಾರಣೆಯ ಮೊದಲ ದಿನವೇ ಬಿದ್ದುಹೋಗುತ್ತದೆ.

ಉತ್ತರ (ಹಳೆಯ ಆಪರೇಟರ್):
ನೀವು ವರ್ಣಿಸಿದ ಹತ್ತಿ ಎಸಳಿನಂಥ ಚೂರುಗಳು ಘಟಕದೊಳಗೆ ಇರಬೇಕಾದ ಕೆಸರು. ಹೆಚ್ಚುವರಿ ಕೆಸರನ್ನು ಕಾಲಕಾಲಕ್ಕೆ ಹೊರತೆಗೆಯದಿದ್ದರೆ ಅದು ಕ್ಲಾರಿಫೈಯರ್ (ಕೆಸರು ತಳಕ್ಕಿಳಿದು ತಿಳಿನೀರು ಮೇಲೆ ಉಳಿಯುವ ತೊಟ್ಟಿ) ತಳದಲ್ಲಿ ಏರುತ್ತಾ ಬಂದು, ಹರಿವು ಹೆಚ್ಚಾದ ಹೊತ್ತಿನಲ್ಲಿ ಅಂಚು ದಾಟಿ ಹೊಳೆಗೆ ಹೋಗುತ್ತದೆ. ರಾತ್ರಿ ವಿದ್ಯುತ್ ಉಳಿಸಲೆಂದು, ತೊಟ್ಟಿಯ ಸೂಕ್ಷ್ಮಾಣುಗಳಿಗೆ ಗಾಳಿಯೂದುವ ಬ್ಲೋವರ್‌ಗಳನ್ನು ನಿಲ್ಲಿಸುವ ಕಡೆಗಳಲ್ಲಿ ತೊಂದರೆ ಇನ್ನೂ ಹೆಚ್ಚು.

ಕೆಸರು ಸುಳ್ಳು ಹೇಳುವುದಿಲ್ಲ. ದಿನಕ್ಕೆ ಒಂದು ಕೋಟಿ ಲೀಟರ್ ನೀರನ್ನು ಶುದ್ಧಗೊಳಿಸುವ ಘಟಕವೊಂದು ಬಿಒಡಿಯನ್ನು 250ರಿಂದ 10ಕ್ಕೆ ಇಳಿಸುತ್ತಿದೆ ಎಂದುಕೊಳ್ಳಿ. ಎಂದರೆ ದಿನಕ್ಕೆ 2,400 ಕಿಲೋ ಬಿಒಡಿ ತೆಗೆದಂತಾಯಿತು. ಗಾಳಿಯೂದುವ ಸಕ್ರಿಯ ಕೆಸರು ಪದ್ಧತಿಯಲ್ಲಿ ಕಿಲೋ ಬಿಒಡಿಗೆ ಸುಮಾರು ಅರ್ಧ ಕಿಲೋ ಒಣ ಕೆಸರೆಂದು ಹಿಡಿದರೂ 1,200 ಕಿಲೋ ಆಗುತ್ತದೆ. ಹಿಂಡಿದ ಮೇಲೂ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಲಾರಿಗೆ ಹೇರಬೇಕಾದ ತೂಕ ದಿನಕ್ಕೆ ಆರು ಟನ್. ನಿಮ್ಮ ಘಟಕದ ಹರಿವಿಗೆ ಇದೇ ಲೆಕ್ಕ ಹಾಕಿ, ಗೇಟಿನ ಬಳಿ ಇರುವ ಲಾರಿ ರಿಜಿಸ್ಟರಿನೊಂದಿಗೆ ಹೋಲಿಸಿ. ಕಾಣೆಯಾದ ಕೆಸರು ಹೋದದ್ದು ಎಲ್ಲಿಗೆಂದು ಆಗ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ನಾನು ಕೆಲಸ ಮಾಡಿದ ಒಂದು ಘಟಕಕ್ಕೆ ದಂಡ ಬಿದ್ದಾಗ ಬದಲಾದದ್ದು ಮಾದರಿ ತೆಗೆಯುವ ಹೊತ್ತು ಮಾತ್ರ. ಕೆಟ್ಟ ಪಂಪು ಮುಂದಿನ ವರ್ಷದವರೆಗೂ ಹಾಗೆಯೇ ಇತ್ತು. ರಾತ್ರಿ ಯಾವುದೋ ಟ್ಯಾಂಕರ್ ಮ್ಯಾನ್‌ಹೋಲಿಗೆ ಆಮ್ಲ ಸುರಿದು ಹೋದರೆ ಅಮೋನಿಯಾ ತಿನ್ನುವ ಸೂಕ್ಷ್ಮಾಣುಗಳು ಸತ್ತು, ಮತ್ತೆ ಬೆಳೆಯಲು ವಾರಗಳೇ ಬೇಕಾಗುತ್ತವೆ, ಆದರೆ ಕಾರಣ ಕೇಳಿ ನೋಟಿಸು ಬರುವುದು ಪಾಳಿಯಲ್ಲಿದ್ದ ಆಪರೇಟರಿಗೆ. ಒಳಬರುವ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) ದಾಖಲೆಯನ್ನೂ ದಯವಿಟ್ಟು ಕೇಳಿ ಪಡೆಯಿರಿ.

ಉತ್ತರ (ನಿಯಮಪಾಲಕ):
ದಂಡದ ಪ್ರಶ್ನೆಗೆ ಬರುತ್ತೇನೆ. ಮಿತಿ ಎಂಬುದು ಹೊಳೆಯ ತಾಳಿಕೆಯಿಂದ ಹುಟ್ಟಿದ ಅಂಕಿ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಬಿಒಡಿಗೆ 20, ತೇಲುಕಣಗಳಿಗೆ 30 ಎಂದು ಸೂಚಿಸಿದಾಗ, ಹೊಳೆಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಬೆರೆಯುತ್ತದೆಂಬ ಲೆಕ್ಕ ಅದರ ಹಿಂದಿತ್ತು. ಬೇಸಗೆಯಲ್ಲಿ ಹೊಳೆ ಬತ್ತಿ ಘಟಕದ ನೀರೇ ಹೊಳೆಯಾದಾಗ 20 ಕೂಡ ಹೆಚ್ಚೇ.

ಒಂದು ಸಲ ಮಿತಿ ಮೀರಿದರೆ ಸಾಕು, ಶಿಕ್ಷೆ ಎನ್ನುವ ನಿಯಮ ಮರೆಮಾಚುವಿಕೆಗೆ ದಾರಿಮಾಡುತ್ತದೆ. ಯುರೋಪಿನ ಒಕ್ಕೂಟದ 1991ರ ನಿರ್ದೇಶನದಲ್ಲಿ ಇದಕ್ಕೊಂದು ಒಳ್ಳೆಯ ಪರಿಹಾರವಿತ್ತು: ವರ್ಷಕ್ಕೆ 24 ಮಾದರಿ ತೆಗೆಯುವ ಘಟಕದಲ್ಲಿ ಮೂರು ಮಾದರಿಗಳು ಮಿತಿ ಮೀರಬಹುದು, ಆದರೆ ಸಹಜ ಪರಿಸ್ಥಿತಿಯಲ್ಲಿ ಯಾವ ಒಂದೂ ಬಿಒಡಿ ಮಿತಿಯ ಎರಡು ಪಟ್ಟನ್ನು ದಾಟುವಂತಿಲ್ಲ. ಅಮೆರಿಕದಲ್ಲಿ ಪರವಾನಗಿ ಪಡೆದ ಘಟಕವೇ ತನ್ನ ಅಂಕಿಗಳನ್ನು ಸಹಿ ಮಾಡಿ ಸಲ್ಲಿಸಬೇಕು. ಆರೋಗ್ಯಕ್ಕೋ ಪರಿಸರಕ್ಕೋ ಅಪಾಯವಾಗುವಂಥ ಉಲ್ಲಂಘನೆಯನ್ನು 24 ಗಂಟೆಯೊಳಗೆ ತಾನೇ ತಿಳಿಸಬೇಕು, ಗೊತ್ತಿದ್ದೂ ಸುಳ್ಳು ವರದಿ ಕೊಡುವುದು ಅಪರಾಧ. ಮಿತಿ ಮೀರಿದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ ಕಠಿಣ ಶಿಕ್ಷೆ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ತೆರಿಗೆಯ ಆತಂಕ ನ್ಯಾಯವಾದದ್ದೇ. ಆದರೆ ಬ್ಲೋವರ್ ನಿಲ್ಲಿಸಿ ಉಳಿಸಿದ ವಿದ್ಯುತ್ತಿನ ಹಣಕ್ಕಿಂತ ದಂಡ ಕಡಿಮೆಯಿದ್ದರೆ ನಿಯಮ ಮುರಿಯುವುದೇ ಲಾಭವಾಗುತ್ತದೆ. ದುರಸ್ತಿಯ ಪ್ರತಿಯೊಂದು ಹಂತಕ್ಕೂ ದಿನಾಂಕ ಗೊತ್ತುಮಾಡಿ, ಆ ದಿನಾಂಕ ತಪ್ಪಿದಾಗ ಮಾತ್ರ ಏರುತ್ತಾ ಹೋಗುವ ದಂಡವಿರುವ ಆದೇಶವನ್ನು ನೀವು ಕೇಳಿದರೆ, ಹಣ ಘಟಕದ ರಿಪೇರಿಗೇ ಹೋಗುವ ಸಾಧ್ಯತೆ ಹೆಚ್ಚು.

ಮರುಪ್ರಶ್ನೆ (ನೀರಗಂಟಿ):
ಎಲ್ಲರಿಗೂ ಕೃತಜ್ಞತೆಗಳು. ಲಾರಿ ರಿಜಿಸ್ಟರ್ ನೋಡಲು ಸಿಕ್ಕಿತು. ನಮ್ಮ ಲೆಕ್ಕದಂತೆ ಹೋಗಬೇಕಿದ್ದ ಕೆಸರಿನ ಮೂರನೆಯ ಒಂದು ಪಾಲು ಕೂಡ ಗೇಟು ದಾಟಿಲ್ಲ. ಮಾದರಿ ತೆಗೆಯುವ ಜಾಗ ಕ್ಲೋರಿನ್ ತೊಟ್ಟಿಯ ಆಚೆಗಿದೆ. ಮುಂದಿನ ವಾರ ಅಧಿಕಾರಿಗಳು ನಮ್ಮ ಎದುರಿನಲ್ಲೇ ಮಾದರಿ ತೆಗೆಯಲು ಒಪ್ಪಿದ್ದಾರೆ. ಅಂದು ಏನನ್ನು ತಪ್ಪದೆ ನೋಡಿಕೊಳ್ಳಬೇಕು?

ಉತ್ತರ (ಪ್ರಯೋಗಾಲಯದವಳು):
ಮಾದರಿಯನ್ನು ಎರಡು ಪಾಲು ಮಾಡಿಸಿ, ಎರಡಕ್ಕೂ ಎರಡೂ ಕಡೆಯವರ ಸಹಿಯಿರುವ ಮೊಹರು ಹಾಕಿಸಿ, ಒಂದನ್ನು ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿ. ಚೀಟಿಯ ಮೇಲೆ ‘ಕ್ಲೋರಿನ್ ಸೇರಿದೆ’ ಎಂದು ದೊಡ್ಡದಾಗಿ ಬರೆಸಿ. ಅದೇ ನೀರಿನಲ್ಲಿ ಸಿಒಡಿಯನ್ನೂ (ಕೊಳೆಗೆ ಬೇಕಾಗುವ ಆಮ್ಲಜನಕವನ್ನು ರಾಸಾಯನಿಕದಿಂದ ಕಂಡುಹಿಡಿಯುವ ಅಳತೆ) ಅಳೆಯಲು ಹೇಳಿ. ಅದಕ್ಕೆ ಸೂಕ್ಷ್ಮಾಣುಗಳ ಹಂಗಿಲ್ಲ, ಕೆಲವೇ ಗಂಟೆಗಳಲ್ಲಿ ಫಲಿತಾಂಶ ಸಿಗುತ್ತದೆ. ಸಾಧ್ಯವಾದರೆ ಬೆಳಕು ಹರಿಯುವ ಮೊದಲೇ ಹೋಗಿ.